ಮೆಣಸು ಮೆಟ್ಟುತ್ತ ಕಲಿತ ಮಾತು

ಮೊನ್ನೆ ಕುಕ್ಕರಿಗೆ ಗ್ಯಾಸ್ಕೆಟ್ ಕೊಳ್ಳಲು ವಯನಾಡಿನ ಕಲ್ಪೆಟ್ಟಕ್ಕೆ ಹೋಗಿದ್ದೆ. ಕುಕ್ಕರು ಎಷ್ಟು ಲೀಟರಿನದು ಎಂಬುದು ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಮರೆತುಹೋಗುವುದು ನನ್ನ ಹಳೆಯ ವಾಡಿಕೆ. ಹಾಗಾಗಿ ಗಾಳಿಯಲ್ಲೇ ಕೈಯಿಂದ ಒಂದು ಸುತ್ತು ಬರೆದು ತೋರಿಸಿ, ಅದರಲ್ಲಿ ಅಕ್ಕಿ ಎಷ್ಟು ಬೇಯುತ್ತದೆ, ಉಣ್ಣುವವರು ಎಷ್ಟು ಜನ, ಹಳೆಯ ಗ್ಯಾಸ್ಕೆಟ್ ಎಷ್ಟು ಬೇಗ ಕೈಕೊಟ್ಟಿತು ಎಂಬುದನ್ನೆಲ್ಲ ಮಲಯಾಳದಲ್ಲಿ ವಿವರಿಸಿದೆ. ಅಂಗಡಿಯವನು ತಾಳ್ಮೆಯಿಂದ ಕೇಳಿಸಿಕೊಂಡ. ಕೊನೆಗೆ ಗ್ಯಾಸ್ಕೆಟ್ಟಿನ ಮಾತು ಬಿಟ್ಟು, "ಚೇಚ್ಚಿ ತಲಶ್ಶೇರಿಕ್ಕಾರಿಯಾಣೋ?" ಎಂದ. ಅಕ್ಕ, ನೀವು ತಲಶ್ಶೇರಿಯವರಾ ಎಂದು.

ನಾನು ತಲಶ್ಶೇರಿಯನ್ನು ನೋಡಿರುವುದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ. ನನ್ನ ಊರು ಚಾಮರಾಜನಗರ. ಮದುವೆಯಾಗಿ ಸೇರಿದ ಮನೆ ಮೀನಂಗಡಿಯ ಹತ್ತಿರ, ಯಾವುದೋ ಕಾಲದಲ್ಲಿ ಕರ್ನಾಟಕದಿಂದ ಬಂದು ನೆಲೆನಿಂತ ಜೈನರ ಮನೆ. ಒಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಇದನ್ನೆಲ್ಲ ಅವನಿಗೆ ಹೇಳುತ್ತ ಕೂತರೆ ಮೀನಂಗಡಿಯ ಬಸ್ಸು ತಪ್ಪುತ್ತಿತ್ತು. ಹೌದು ಎಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ, ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಅನ್ನಿಸಿತು. ನಿಮಗಾದರೂ ಹೇಳುತ್ತೇನೆ, ಕೇಳಿ.

ಮದುವೆಯಾದಾಗ ನನಗೆ ನಲವತ್ತು ದಾಟಿತ್ತು. ಅಲ್ಲಿಯವರೆಗೆ ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಒಪ್ಪಿಸದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರ ಪೈಕಿ ನಾನೂ ಒಬ್ಬಳು. ಭಾಷೆಯೆಂದರೆ ಕೆಳಗಿನಿಂದ ಮೇಲಕ್ಕೆ ಇಟ್ಟಿಗೆ ಇಟ್ಟು ಕಟ್ಟುವ ಗೋಡೆ, ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ವಾಕ್ಯ ಎಂದು ನಂಬಿದ್ದೆ. ನಂಬಿಕೊಂಡೇ ಸಂಬಳ ತೆಗೆದುಕೊಂಡೆ. ಇವರ, ಎಂದರೆ ಧರಣೇಂದ್ರ ಅವರ, ಕಡೆಯಿಂದ ಸಂಬಂಧ ಬಂದಾಗ ಮನೆಯಲ್ಲಿ ಕನ್ನಡವೇ ಎಂದು ಹೇಳಿದ್ದರು. ಕಾಫಿ, ಮೆಣಸು, ಒಂದಿಷ್ಟು ಗದ್ದೆ, ಮನೆಯಲ್ಲಿ ಅತ್ತೆ. ಮೊದಲ ಹೆಂಡತಿ ಷೀಜ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮಗಳು ಮಾಳು, ಎಂಟು ವರ್ಷ.

ಷೀಜ ತಲಶ್ಶೇರಿಯವರು, ಕಡಲ ಕಡೆಯ ಮಲಯಾಳದವರು. ಕಲ್ಪೆಟ್ಟದ ಒಂದು ಕಚೇರಿಗೆ ಕೆಲಸಕ್ಕೆ ಬಂದಿದ್ದವರು ಇವರನ್ನು ಮೆಚ್ಚಿ ಮದುವೆಯಾದರು. ಮೊದಮೊದಲು ಅತ್ತೆ ಮುಖ ತಿರುಗಿಸಿಕೊಂಡಿದ್ದರಂತೆ. ಆಮೇಲೆ ಸೊಸೆಯಿಲ್ಲದೆ ಅವರಿಗೆ ಕಾಫಿಯೂ ಇಳಿಯುತ್ತಿರಲಿಲ್ಲವಂತೆ. ಒಂದು ಮಳೆಗಾಲದಲ್ಲಿ ಜ್ವರ ಬಂದು ಷೀಜ ಹೋಗಿಬಿಟ್ಟರು.

ಮಾಳು ನನ್ನ ಮೇಲೆ ಸಿಡುಕಲಿಲ್ಲ. ಸಿಡುಕಿದ್ದರೆ ಅಭ್ಯಾಸವಿತ್ತು, ಸಿಡುಕುವ ಮಕ್ಕಳನ್ನು ನಾನು ತರಗತಿಗಟ್ಟಲೆ ಕಂಡವಳು. ಇವಳು ಸುಮ್ಮನಿದ್ದಳು. ನೆಂಟರಿಷ್ಟರ ಮಾತು ಕೇಳಿ ಬೆಳೆದವಳು, ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ಅರ್ಥವಾಗುತ್ತಿತ್ತು. ತಲೆಯಾಡಿಸುತ್ತಿದ್ದಳು, ಇಲ್ಲವೇ ಮಲಯಾಳದಲ್ಲಿ ಒಂದು ಚೂರು ಉತ್ತರ ಕೊಟ್ಟು ಎದ್ದು ಹೋಗುತ್ತಿದ್ದಳು. ಆ ಚೂರು ನನಗೆ ಅರ್ಥವಾಗುತ್ತಿರಲಿಲ್ಲ. ಒಂದೇ ಮನೆಯಲ್ಲಿ ಒಂದೇ ಹಲಸಿನಹಣ್ಣನ್ನು ಬಿಡಿಸಿಕೊಂಡು ತಿನ್ನುತ್ತ ನಾವಿಬ್ಬರೂ ಬೇರೆಬೇರೆ ಇದ್ದೆವು. ನನಗದು ತುಂಬ ನೋವು ಕೊಡುತ್ತಿತ್ತು. ಹೊತ್ತು ಮೀರಿ ಸಿಕ್ಕಿದ ಮಗು, ಇದೂ ಕೈಗೆ ಬಾರದೆ ಹೋದರೆ ಎಂಬ ಭಯ.

ಸರಿ, ಮಲಯಾಳ ಕಲಿಯುತ್ತೇನೆ ಎಂದು ಹೊರಟೆ. ಮೇಷ್ಟರ ತಲೆಯಲ್ಲವೇ, ಮೊದಲು ಪುಸ್ತಕ ತರಿಸಿದೆ. ಅಕ್ಷರ ತಿದ್ದಿದೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಮಲಯಾಳದಲ್ಲಿ ಹೆಸರು ಬರೆದು ಅಂಟಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿ, "ಉಪ್ಪಿನ ಡಬ್ಬಿಗೆ ಉಪ್ಪು ಅಂತ ಬರೆದು ಅಂಟ್ಸಿದ್ದೀಯಲ್ಲ ಮೋಳೆ, ನಂಗೆ ಅರಳುಮರಳು ಬಂತೂಂತ ಮಾಡಿದ್ಯಾ?" ಎಂದರು. ಮೋಳೆ ಎಂದರೆ ಮಗಳೇ ಎಂದು, ಅತ್ತೆಯ ಕನ್ನಡದಲ್ಲಿ ಇಂಥವು ಹೇರಳ.

ಪುಸ್ತಕದ ಮೂರನೇ ಪಾಠ ಮುಗಿಸಿದ ಧೈರ್ಯದಲ್ಲಿ ಒಂದು ಬೆಳಿಗ್ಗೆ ಶಾಲೆಗೆ ಹೊರಟಿದ್ದ ಮಾಳುವನ್ನು ತಡೆದು, "ನಿಂಙಳ್ ಎವಿಡೆ ಪೋಗುನ್ನು?" ಎಂದೆ. ತಾವು ಎಲ್ಲಿಗೆ ಹೋಗುತ್ತಿರುವಿರಿ ಎಂದು. ಬೆನ್ನಿಗೆ ಚೀಲ, ಮೈಮೇಲೆ ಯೂನಿಫಾರ್ಮು ಇದ್ದ ಹುಡುಗಿ ರೇಡಿಯೊದವರು ತನ್ನೊಬ್ಬಳನ್ನೇ ಮಾತಾಡಿಸಿದರೇನೋ ಎಂಬಂತೆ ನನ್ನನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಇನ್ನೊಂದು ತೊಡಕು ಈ ಸೀಮೆಯ ಜನರ ಮರ್ಯಾದೆ. ಇಲ್ಲಿ ನಮ್ಮವರಿಗೆಲ್ಲ ಎರಡೂ ಭಾಷೆ ಬರುತ್ತದೆ. ಎದುರಿಗಿರುವವರಿಗೆ ಯಾವುದು ಸಲೀಸೋ ಅದಕ್ಕೆ ಹೊರಳಿಕೊಳ್ಳುವುದು ನಡತೆ. ನಾನು ಹೊಸ್ತಿಲು ದಾಟಿ ಒಳಗೆ ಬಂದರೆ ಸಾಕು, ನಡೆಯುತ್ತಿದ್ದ ಮಲಯಾಳದ ಮಾತು ವಾಕ್ಯದ ನಡುವೆಯೇ ಕನ್ನಡವಾಗುತ್ತಿತ್ತು. ತೋಟದ ಕೆಲಸಕ್ಕೆ ಬರುವ ಹೆಂಗಸರೂ ಹಾಗೆಯೇ. ಮೈಸೂರು ರಸ್ತೆಯ ಬಸ್ಸಿನ ಕಂಡಕ್ಟರ್ ಕೂಡ ನನ್ನ ಮುಖ ನೋಡಿದೊಡನೆ "ಎಲ್ಲಿಗಮ್ಮ?" ಎನ್ನುತ್ತಿದ್ದ. ಇಷ್ಟು ಒಳ್ಳೆಯವರ ನಡುವೆ ಒಂದು ಭಾಷೆ ಕಲಿಯುವುದು ಬಹಳ ಕಷ್ಟ.

"ದಯವಿಟ್ಟು ನನ್ನ ಜೊತೆ ಮಲಯಾಳದಲ್ಲೇ ಮಾತಾಡಿ," ಎಂದು ಒಂದು ದಿನ ಅತ್ತೆಯನ್ನು ಬೇಡಿಕೊಂಡೆ.

"ಅದು ಹೆಂಗಾಗ್ತದೆ? ಹೊರಗಿಂದ ಬಂದ ಹೆಣ್ಣಿಗೆ ಅವಳ ಮಾತಲ್ಲೇ ಮಾತಾಡ್ಬೇಕು. ಷೀಜ ಬಂದಾಗ ಇಡೀ ಮನೆ ಮಲಯಾಳಕ್ಕೆ ತಿರುಗಲಿಲ್ವಾ? ಹತ್ತು ವರ್ಷ ಈ ಅಡುಗೆಮನೇಲಿ ಕನ್ನಡ ಅನ್ನೋದೇ ಇರಲಿಲ್ಲ. ಈಗ ನೀ ಬಂದೆ, ಕನ್ನಡಕ್ಕೆ ತಿರುಗ್ತು. ಅಷ್ಟೇ."

ಅತ್ತೆ ಇದನ್ನು ಹೆಮ್ಮೆಯಿಂದಲೇ ಹೇಳಿದರು. ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಮಾಳು ಹುಟ್ಟಿದಂದಿನಿಂದ ಆ ಮನೆ ಮಾತಾಡಿದ್ದು ಅವಳ ಅಮ್ಮನ ಭಾಷೆಯನ್ನು. ಅಮ್ಮ ಹೋದ ಮೇಲೂ ಆ ಭಾಷೆ ಅಡುಗೆಮನೆಯಲ್ಲಿ, ಜಗಲಿಯಲ್ಲಿ ಓಡಾಡಿಕೊಂಡಿತ್ತು. ನಾನು ಬಂದ ದಿನ ನನಗೆ ಮರ್ಯಾದೆ ತೋರಿಸಲು ಎಲ್ಲರೂ ಸೇರಿ ಅದನ್ನೂ ಹೊರಗೆ ಕಳಿಸಿಬಿಟ್ಟಿದ್ದರು. ಅದನ್ನು ಹಿಡಿದುಕೊಂಡು ಕೂತಿದ್ದವಳು ಆ ಮಗು ಒಬ್ಬಳೇ. ಅಂದಿನಿಂದ ಮಲಯಾಳ ಕಲಿಯಲೇಬೇಕೆಂಬ ಹಟ ನನಗೆ ಎರಡು ಪಟ್ಟಾಯಿತು. ಕಲಿಕೆ ಮಾತ್ರ ಇದ್ದಲ್ಲೇ ಇತ್ತು. ಪುಸ್ತಕ ಮುಚ್ಚಿದರೆ ಪಾಠವೂ ಮುಚ್ಚಿಕೊಳ್ಳುತ್ತಿತ್ತು.

ಇಂಥ ಹೊತ್ತಿನಲ್ಲಿ ಮನುಷ್ಯ ತನ್ನ ಚಿಕ್ಕಂದಿನ ಪ್ರತಾಪಗಳನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಾನೆ. ಚಾಮರಾಜನಗರದಲ್ಲಿ ನಮ್ಮ ಮನೆಯ ಹಿಂದೆ ರೈಲ್ವೆ ಕ್ವಾರ್ಟರ್ಸು ಇತ್ತು. ಅಲ್ಲಿಗೊಂದು ತಮಿಳು ಸಂಸಾರ ಬಂತು, ಮನೆ ತುಂಬ ಹೆಣ್ಣುಮಕ್ಕಳು. ಬೇಲಿಯ ಸಂದಿಯಲ್ಲಿ ತೂರಿ ಹೋಗಿ ಅವರ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದೆ. ಒಡೆದ ಹೆಂಚಿನ ಬಿಲ್ಲೆಯನ್ನು ಉಗುಳು ಹಚ್ಚಿ ಎಸೆಯುವುದು, ಒಂಟಿಕಾಲಿನಲ್ಲಿ ನೆಗೆಯುವುದು, ಗೆರೆ ತುಳಿದಳೋ ಇಲ್ಲವೋ ಎಂದು ಜುಟ್ಟು ಹಿಡಿದು ಜಗಳವಾಡುವುದು. ಒಂದು ಸಂಜೆ ಅಮ್ಮ ಹಿತ್ತಿಲಿಗೆ ಬಂದು ನಿಂತು ಕೇಳಿಸಿಕೊಂಡು, "ತಮಿಳು ಯಾವಾಗ ಕಲಿತೆಯೇ?" ಎಂದಳು. ನಾನು ಕಲಿತಿದ್ದೇನೆಂಬುದು ನನಗೇ ಗೊತ್ತಿರಲಿಲ್ಲ. ಗೆರೆ ತುಳಿದಿಲ್ಲ ಎಂದು ಸಾಧಿಸಬೇಕಿತ್ತು, ಅದಕ್ಕೆ ಬೇಕಾದ ಮಾತು ಬಾಯಿಗೆ ಬಂದಿತ್ತು. ಅವರಿಗೆ ವರ್ಗವಾಗಿ ಹೋದ ಮೇಲೆ ತಮಿಳೂ ಅವರ ಸಾಮಾನಿನ ಜೊತೆಯಲ್ಲೇ ಹೋಯಿತು.

ಆ ಎಂಟು ವರ್ಷದ ತಲೆಗೂ ಈ ನಲವತ್ತರ ತಲೆಗೂ ಏನು ವ್ಯತ್ಯಾಸ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ವಯಸ್ಸಾದಂತೆ ಮಿದುಳು ಮೊಂಡಾಗುತ್ತದೆ ಎನ್ನುತ್ತಾರೆ. ನನಗೇನೋ ಮೊಂಡಾಗುವುದು ಮಿದುಳಲ್ಲ, ಮರ್ಯಾದೆಯ ಗಂಟು ಬಿಗಿಯಾಗುತ್ತದೆ ಅನ್ನಿಸುತ್ತದೆ. ತಪ್ಪಾದೀತು ಎಂದು ಬಾಯಿ ಮುಚ್ಚುತ್ತೇವೆ. ಬಾಯಿ ಮುಚ್ಚಿದ ಮೇಲೆ ಕಿವಿಯನ್ನಾದರೂ ತೆರೆಯುತ್ತೇವೆಯೇ ಎಂದರೆ ಅದೂ ಇಲ್ಲ, ಒಳಗೊಳಗೇ ಮುಂದಿನ ವಾಕ್ಯವನ್ನು ಜೋಡಿಸುತ್ತಿರುತ್ತೇವೆ. ಮಗುವಿಗೆ ಇದಾವುದೂ ಇಲ್ಲ. ಅದು ಒಂದು ವರ್ಷ ಪೂರ್ತಿ ಸುಮ್ಮನೆ ಬಿದ್ದುಕೊಂಡು ಕೇಳಿಸಿಕೊಳ್ಳುತ್ತದೆ, ಇನ್ನೂ ಮಾತಾಡಲಿಲ್ಲವೇಕೆ ಎಂದು ನಾಚಿಕೊಳ್ಳುವುದಿಲ್ಲ.

ನನಗೆ ಆ ಭಾಗ್ಯ ಬಂದದ್ದು ಕರಿಮೆಣಸಿನ ಸುಗ್ಗಿಯಲ್ಲಿ. ಬಳ್ಳಿಯಿಂದ ಕಿತ್ತ ಮೆಣಸಿನ ತೆನೆಗಳನ್ನು ಒಂದು ರಾತ್ರಿ ಗೋಣಿ ಮುಚ್ಚಿ ರಾಶಿ ಹಾಕಿ, ಮರುದಿನ ಅಂಗಳದಲ್ಲಿ ಹರಡಿ ಬರಿಗಾಲಿನಲ್ಲಿ ಮೆಟ್ಟಬೇಕು. ಕಾಳು ಉದುರಿ ಬರಿಯ ಕಡ್ಡಿ ಉಳಿಯುವವರೆಗೆ ಮೆಟ್ಟುತ್ತಲೇ ಇರಬೇಕು. ಯಂತ್ರ ಬಂದಿದೆ, ಆದರೆ ಯಂತ್ರದಲ್ಲಿ ಕಾಳು ಜಜ್ಜಿಹೋಗುತ್ತದೆ ಎಂದು ಅತ್ತೆಯ ವಾದ. ಬೀಳದ ಹಾಗೆ ಹಿಡಿದುಕೊಳ್ಳಲು ಎರಡು ಕಂಬಗಳ ನಡುವೆ ಒಂದು ಬಿದಿರು ಕಟ್ಟಿದ್ದರು. ಕೂಲಿಯ ಹೆಂಗಸರೆಲ್ಲ ತೋಟದಲ್ಲಿ ಕೊಯ್ಲಿಗೆ ಹೋಗುತ್ತಿದ್ದುದರಿಂದ ಮೆಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಕ್ರಿಸ್‌ಮಸ್ ರಜೆ ಬೇರೆ. ಮಾಳುವಿಗೆ ಇದು ಮೊದಲಿನಿಂದಲೂ ಆಟ, ಅವಳೂ ಬಂದು ಬಿದಿರಿನ ಆ ಕಡೆ ನಿಂತಳು.

ಹಸಿ ಮೆಣಸಿನ ವಾಸನೆ ಮೂಗಿಗೇರಿ, ಅಂಗಾಲು ಉರಿಯತೊಡಗಿದಾಗ ಪುಸ್ತಕದ ಪಾಠ ಯಾರಿಗೆ ನೆನಪಿರುತ್ತದೆ? ನಾನು ಸುಮ್ಮನೆ ಮೆಟ್ಟಿದೆ. ಸ್ವಲ್ಪ ಹೊತ್ತಾದ ಮೇಲೆ ಎದುರಿನಿಂದ ಮಾತು ಶುರುವಾಯಿತು. ಮಾಳು ಮಾತಾಡುತ್ತಿದ್ದಳು. ನನ್ನ ಕಡೆ ನೋಡದೆ, ಕಾಲಿನ ಕಡೆ ನೋಡುತ್ತ, ಕಾಲಿನ ತಾಳಕ್ಕೆ ಸರಿಯಾಗಿ ಎಡೆಬಿಡದೆ ಮಾತಾಡುತ್ತಿದ್ದಳು. ನನಗೆ ಅಲ್ಲೊಂದು ಇಲ್ಲೊಂದು ಪದ ಬಿಟ್ಟರೆ ಏನೂ ತಿಳಿಯಲಿಲ್ಲ. ತಿಳಿಯುವುದಿಲ್ಲ ಎಂದೇ ಅವಳು ಮಾತಾಡುತ್ತಿದ್ದಾಳೆ ಎಂಬುದು ಎರಡನೇ ದಿನಕ್ಕೆ ಹೊಳೆಯಿತು. ಅವಳಿಗೆ ಹೇಳಿಕೊಳ್ಳಬೇಕಿತ್ತು. ನಡುವೆ ಬಾಯಿ ಹಾಕದ, ಯಾರಿಗೂ ದಾಟಿಸದ, ಅಯ್ಯೋ ಪಾಪ ಎನ್ನದ ಕಿವಿ ಆ ಮನೆಯಲ್ಲಿ ನನ್ನದೊಂದೇ.

ನಾನು ಅರ್ಥ ಹುಡುಕುವುದನ್ನು ಬಿಟ್ಟೆ. ಆ ದನಿ ಎಲ್ಲಿ ಏರುತ್ತದೆ, ಎಲ್ಲಿ ಎಳೆಯುತ್ತದೆ, ನಗುವ ಮೊದಲು ಹೇಗೆ ಗಂಟಲಲ್ಲಿ ತಡೆಯುತ್ತದೆ ಎಂದು ಕೇಳಿಸಿಕೊಂಡೆ. ಊಟದ ಹೊತ್ತಿಗೂ ಆ ರಾಗ ಕಿವಿಯಲ್ಲಿರುತ್ತಿತ್ತು. ತಲೆ ಅದರಷ್ಟಕ್ಕೆ ಅದು ಒಳಗೆ ಏನೋ ಕೆಲಸ ನಡೆಸಿತ್ತು. ಹೆಪ್ಪು ಹಾಕಿದ ಹಾಲಿನ ಹಾಗೆ, ಮತ್ತೆಮತ್ತೆ ಮುಚ್ಚಳ ತೆಗೆದು ನೋಡದಿದ್ದರೆ ಸಾಕಿತ್ತು. ಬೆಳಿಗ್ಗೆ ಏಳುವಾಗ ಹಿಂದಿನ ದಿನದ ಯಾವುದೋ ತುಣುಕು ತಾನಾಗಿ ನಾಲಿಗೆಯ ಮೇಲೆ ಕೂತಿರುತ್ತಿತ್ತು. ಅದು ಏನೆಂದು ತಿಳಿಯದಿದ್ದರೂ ಸ್ನಾನ ಮಾಡುತ್ತ ಹೇಳಿಕೊಳ್ಳುತ್ತಿದ್ದೆ. ರಜೆ ಮುಗಿದು ಶಾಲೆ ಶುರುವಾದ ಮೇಲೂ ಮಾಳು ಸಂಜೆ ಬಂದು ಚೀಲ ಎಸೆದು ಬಿದಿರಿನ ಆ ಕಡೆ ನಿಲ್ಲುತ್ತಿದ್ದಳು.

ಆ ವರ್ಷ ಮೆಣಸು ಚೆನ್ನಾಗಿ ಬಿಟ್ಟಿತ್ತು, ನನ್ನ ಪುಣ್ಯ.

ಒಂದು ಸಂಜೆ ಹಾಗೆಯೇ ಮೆಟ್ಟುತ್ತಿದ್ದೆವು. ಮಾಳು ಏನೋ ಹೇಳುತ್ತಿದ್ದಳು. ಅವಳ ಅಮ್ಮನ ಮುಖ ಅವಳಿಗೆ ಮರೆತಿಲ್ಲವಂತೆ, ಫೋಟೊಗಳಿವೆಯಂತೆ. ಅಮ್ಮನ ದನಿ ಮಾತ್ರ ಮರೆತುಹೋಗುತ್ತಿದೆಯಂತೆ. ಮೊದಲು ಕಣ್ಣು ಮುಚ್ಚಿದರೆ ಕೇಳಿಸುತ್ತಿತ್ತಂತೆ, ಈಗ ಎಷ್ಟು ಗಟ್ಟಿಯಾಗಿ ಮುಚ್ಚಿದರೂ ಕೇಳಿಸುವುದಿಲ್ಲವಂತೆ.

ಅವಳು ಯಾವ ಪದಗಳನ್ನು ಬಳಸಿದಳೋ ನನಗೆ ನೆನಪಿಲ್ಲ. ಆಗಲೂ ನಾನು ಪದಗಳನ್ನು ಗಮನಿಸಲಿಲ್ಲ. ಅರ್ಥವೇ ನೇರವಾಗಿ ಬಂದು ನಿಂತಿತು. ಕನ್ನಡಕ್ಕೆ ತಿರುಗಿಸಿಕೊಳ್ಳದೆ ನನಗೆ ತಿಳಿದ ಮೊದಲ ಮಾತು ಅದು. ಒಂದು ಭಾಷೆ ಬಂತೆಂದು ಖುಷಿಪಡಬೇಕಾದ ಗಳಿಗೆಯಲ್ಲಿ ನಾನು ಬಿದಿರನ್ನು ಗಟ್ಟಿಯಾಗಿ ಹಿಡಿದುಕೊಂಡು ಅಳು ನುಂಗಿಕೊಳ್ಳುತ್ತಿದ್ದೆ. ಮುಖದಲ್ಲಿ ಏನೂ ತೋರಿಸಿಕೊಳ್ಳಬಾರದಿತ್ತು. ತಿಳಿಯಿತು ಎಂದು ಗೊತ್ತಾದರೆ ಅವಳು ಮಾತು ನಿಲ್ಲಿಸುತ್ತಾಳೆ. ಆ ಮಗುವಿಗಿದ್ದ ಒಂದೇ ಒಂದು ಕಿವಿಯೂ ಹೋಗುತ್ತದೆ.

ಅಂದೇ ಇವರಿಗೆ ಹೇಳಿದೆ.

"ಫೋನಿನಲ್ಲಿ ಅವರ ದನಿ ಎಲ್ಲೂ ಇಲ್ವಾ?" ಎಂದು ಕೇಳಿದೆ.

"ವಿಡಿಯೊ ಉಂಟು ಒಂದೆರಡು. ಕ್ಯಾಮೆರಾ ಕಂಡ್ರೆ ಅವಳು ಬಾಯಿಗೆ ದುಪಟ್ಟ ಅಡ್ಡ ಹಿಡೀತಿದ್ಲು. ಕೈ ಬೀಸೋದು, ನಗೋದು. ಮಾತಾಡಿದ್ದು ಒಂದೂ ಇಲ್ಲ." ಆಮೇಲೆ, "ನೀನು ಮಾಳುಗೆ ಹೇಳ್ಬಿಡು ವಿಮಲಾ, ನಿಂಗೆ ಈಗ ತಿಳೀತದೆ ಅಂತ. ಇಲ್ಲಾಂದ್ರೆ ಮುಂದೊಂದು ದಿನ ಗೊತ್ತಾದಾಗ ಅವಳು ಸಹಿಸಲ್ಲ," ಎಂದರು.

"ಹೇಳಿದ್ರೆ ಮಾತೇ ನಿಂತುಹೋದ್ರೆ?"

ನಾಳೆ ಹೇಳುತ್ತೇನೆ, ನಾಳಿದ್ದು ಹೇಳುತ್ತೇನೆ ಎಂದುಕೊಂಡು ದಿನ ತಳ್ಳಿದೆ. ಮೆಟ್ಟುವ ಮೆಣಸೂ ಮುಗಿಯುತ್ತ ಬಂದಿತ್ತು. ಕೆಲವು ಸಂಜೆ ಮಾಳು ನಗಿಸುವ ಮಾತಾಡುತ್ತಿದ್ದಳು, ಅವಳ ಟೀಚರು ಸೀನುವ ರೀತಿ, ಅತ್ತೆ ಬಾಳೆಹಣ್ಣನ್ನು ಬಚ್ಚಿಡುವ ಜಾಗಗಳು. ನಗು ತಡೆದುಕೊಳ್ಳುವುದು ಅಳು ತಡೆದುಕೊಳ್ಳುವುದಕ್ಕಿಂತ ಕಷ್ಟವಾಗಿತ್ತು.

ಜೈನರ ಮನೆ, ನಮ್ಮಲ್ಲಿ ರಾತ್ರಿಯೂಟವೆಂಬುದಿಲ್ಲ. ಹೊತ್ತು ಮುಳುಗುವ ಮೊದಲೇ ಉಣ್ಣಬೇಕು. ನಾನೂ ಇವರೂ ಅಷ್ಟಿಷ್ಟು ತಪ್ಪಿಸಿದರೂ ಅತ್ತೆ ತಪ್ಪುವವರಲ್ಲ, ಸೂರ್ಯ ಗುಡ್ಡದ ಹಿಂದೆ ಹೋದನೆಂದರೆ ಮರುದಿನ ಅವನು ಬರುವವರೆಗೆ ಅವರ ಬಾಯಿಗೆ ಅನ್ನವಿಲ್ಲ. ಆದರೆ ಮೊಮ್ಮಗಳು ಬಂದು ಕೂರದೆ ಅವರು ಮೊದಲ ತುತ್ತು ಎತ್ತುವುದೂ ಇಲ್ಲ. ಆ ದಿನಗಳಲ್ಲೇ ಒಂದು ಸಂಜೆ ಇವರು ಕಾಫಿ ಮಾರಲು ಹೋಗಿದ್ದರು. ಮಾಳು ತೋಟದ ಕೆಳಗೆ, ಇಲ್ಲಿ ತೋಡು ಎನ್ನುವ ಸಣ್ಣ ಹಳ್ಳದ ಕಡೆಗೆ ಆಡಲು ಹೋದವಳು ಬಂದಿರಲಿಲ್ಲ. ಅತ್ತೆ ಮಂಡಿನೋವಿನವರು, ಬಾಗಿಲಲ್ಲಿ ನಿಂತು ಕೂಗಿದರು. ಅವರ ದನಿ ಅಂಗಳ ದಾಟಲಿಲ್ಲ.

"ಹೊತ್ತು ಹೋಯ್ತು. ನೀ ಒಂದು ಕೂಗು ಹಾಕು ಮೋಳೆ," ಎಂದರು.

ನಾನು ಅಂಗಳದ ತುದಿಗೆ ಹೋಗಿ ನಿಂತೆ. ದಿನವೂ ಕರೆಯುವಂತೆ, ಮಾಳೂ ಊಟಕ್ಕೆ ಬಾರಮ್ಮ ಎಂದು ಕನ್ನಡದಲ್ಲೇ ಕರೆಯಬೇಕೆಂದಿದ್ದೆ. ಕೆಳಗೆ ತೋಡು, ಕಾಫಿ ಗಿಡಗಳ ಅಡಿಯಲ್ಲಿ ಆಗಲೇ ಕತ್ತಲು, ಮಗು ಎಲ್ಲೂ ಕಾಣಿಸುತ್ತಿಲ್ಲ. ಬಾಯಿ ತೆರೆದೆ.

"ಮಾಳೂ... ಏಡ್ಯಾ ನೀ? ಬಾ ಮೋಳೇ, ಇರುಟ್ಟಾಯೀ..."

ಎಲ್ಲಿದ್ದೀ ನೀನು, ಬಾ ಮಗಳೇ, ಕತ್ತಲಾಯಿತು ಎಂದು. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಪುಸ್ತಕದಲ್ಲಿರಲಿಲ್ಲ, ವಯನಾಡಿನಲ್ಲಿ ನಮ್ಮ ಸುತ್ತಮುತ್ತ ಹೀಗೆ ಕರೆಯುವವರೂ ಇಲ್ಲ. ಮಲಯಾಳವನ್ನು ನಾನು ಕಿವಿಗೊಟ್ಟು ಕೇಳಿದ್ದು ಮಾಳುವೊಬ್ಬಳ ಬಾಯಿಂದ. ಅವಳು ಕಲಿತದ್ದೂ ಒಬ್ಬಳ ಬಾಯಿಂದಲೇ.

ಕಾಫಿ ಗಿಡಗಳು ಅಲುಗಿದವು. ಮಾಳು ಓಡಿಬಂದಳು. ಹಾಗೆ ಓಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದು ಕಾಲಿನ ಚಪ್ಪಲಿ ಕಳಚಿಹೋಗಿತ್ತು, ಎರಡು ಕೈಯೂ ಮುಂದಕ್ಕೆ ಚಾಚಿದ್ದವು. ಅಂಗಳಕ್ಕೆ ಹತ್ತಿದ ಮೇಲೆ ನನ್ನನ್ನು ನೋಡಿದಳು. ನಿಂತುಬಿಟ್ಟಳು. ಕೈಗಳು ಮೆಲ್ಲಗೆ ಕೆಳಗಿಳಿದವು.

"ಷೀಜನ ಕೂಗೇ..." ಎಂದರು ಅತ್ತೆ ಬಾಗಿಲಿನಿಂದ.

ಸತ್ತವಳ ದನಿಯಲ್ಲಿ ಮಗುವನ್ನು ಕರೆದು, ಬಂದಾಗ ನನ್ನ ಮುಖ ತೋರಿಸಿದ್ದೆ. ಇದಕ್ಕಿಂತ ದೊಡ್ಡ ಮೋಸ ಇನ್ನೇನಿದೆ ಅನ್ನಿಸಿತು. ಮಾಳು ಏದುಸಿರು ಬಿಡುತ್ತ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಕನ್ನಡದಲ್ಲಿ, ಹೌದು, ನನ್ನ ಜೊತೆ ಮೊದಲ ಸಲ ಕನ್ನಡದಲ್ಲಿ ಕೇಳಿದಳು.

"ನಾ ಹೇಳಿದ್ದೆಲ್ಲ ನಿಂಗೆ ತಿಳೀತಿತ್ತಾ?"

"ಮೊದ್ಲು ಇಲ್ಲ. ಈಗೀಗ ತಿಳೀತದೆ."

"ಅಮ್ಮನ ದನಿದೂ?"

"ಅದೂ."

ಅವಳು ಬೈಯುತ್ತಾಳೆ, ಅಳುತ್ತಾಳೆ, ಇಲ್ಲವೇ ಮೊದಲಿನಂತೆ ಒಂದು ಚೂರು ಮಾತು ಎಸೆದು ಒಳಗೆ ಹೋಗುತ್ತಾಳೆ ಎಂದು ಕಾದೆ. ಅವಳು ಬರಿಗಾಲಿನ ಹೆಬ್ಬೆರಳಿನಿಂದ ಅಂಗಳವನ್ನು ಕೆರೆಯುತ್ತ ಏನೋ ಲೆಕ್ಕ ಹಾಕುತ್ತಿದ್ದಳು. ಹಿಂದಿನಿಂದ ತಟ್ಟೆಯ ಸದ್ದಾಯಿತು. ಸೂರ್ಯನ ಅಂಚು ಮಾತ್ರ ಗುಡ್ಡದ ಮೇಲೆ ಉಳಿದಿತ್ತು.

"ಒನ್ನೂಡಿ ವಿಳಿಕ್ಕ್," ಎಂದಳು ಮಾಳು. ಇನ್ನೊಂದು ಸಲ ಕರಿ.

ಹಾಗೆಂದವಳು ನನ್ನ ಮುಂದೆ ನಿಲ್ಲಲಿಲ್ಲ. ತಿರುಗಿ ಇಳಿಜಾರಿನಲ್ಲಿ ಓಡಿ, ಕಾಫಿ ಗಿಡಗಳ ನಡುವೆ ನುಸುಳಿ, ನಾನು ಕಾಣದಷ್ಟು ದೂರ ಹೋಗಿ ನಿಂತಳು. ಗಿಡಗಳ ಅಲುಗಾಟ ನಿಂತಿತು. ಕಣ್ಣು ಮುಚ್ಚಿಕೊಂಡಿದ್ದಾಳೆ ಎಂದು ನನಗೆ ಗೊತ್ತಿತ್ತು.

ನಾನು ಅತ್ತೆಯ ಕಡೆ ತಿರುಗಿ ನೋಡಿದೆ. ಅವರು ಅನ್ನದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಜಗಲಿಯ ಮೇಲೆ ಕೂತುಬಿಟ್ಟಿದ್ದರು.

"ನನ್ನೂಟ ನಾಳೆ ಆಯ್ತದೆ," ಎಂದರು. "ಕರಿ ಮೋಳೆ. ನಂಗೂ ಕೇಳ್ಬೇಕು."

ನಾನು ಗುಡ್ಡದ ಕಡೆ ನೋಡದೆ, ಕರೆದೆ.